ಪುಕಾರುಮಿಯಿಂದ ಬರಬೇಕಾಗಿದ್ದವಳು

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಕ್ಲಾಸಿನ ಹುಡುಗಿಯ ಹುಟ್ಟುಹಬ್ಬವಿರಲಿ, ಈಜುಕೊಳಕ್ಕೆ ಹೋಗುವ ಮಾತಿರಲಿ, ಹೊರಗೆ ಅಪರೂಪದ ಬಿಸಿಲಿರಲಿ, ಅಪ್ಪ, ಹುಸ್ತಿನಾ, ನಾನು ಮೂವರೂ ಅಡುಗೆಮನೆಯ ಟೇಬಲ್ಲಿಗೆ ಬಂದು ಕೂಡಬೇಕು. ಹುಸ್ತಿನಾ ತಲೆ ಬಾಚಿಕೊಂಡು, ಒಳ್ಳೆಯ ಸ್ವೆಟರ್ ಹಾಕಿಕೊಂಡು, ಫೋನನ್ನು ಎಣ್ಣೆಯ ಬಾಟಲಿಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಆ ಹೊತ್ತಿಗೆ ಪೆರು ದೇಶದ ಬೆಟ್ಟಗಳಲ್ಲಿ ಬೆಳಗಿನ ಒಂಬತ್ತೋ ಹತ್ತೋ ಗಂಟೆ. ಅಲ್ಲಿ ಪುಕಾರುಮಿ ಅಂತ ಒಂದು ಜಿಲ್ಲೆ. ಹೆಸರಿಗೆ ಜಿಲ್ಲೆ, ನಮ್ಮ ಕಡೆಯ ಹೋಬಳಿಯಷ್ಟಿರಬಹುದು. ಮರ ಬೆಳೆಯದಷ್ಟು ಎತ್ತರ, ಆಲೂಗಡ್ಡೆ, ಕುರಿ, ಲಾಮಾ, ಮನೆಮನೆಯಲ್ಲೂ ಕೆಚುವಾ ಮಾತು. ಅಲ್ಲಿನ ಸಂತೆ ಭಾನುವಾರ. ಹುಸ್ತಿನಾಳ ಮಗಳು ನೆಲಿ ತನ್ನ ಅಜ್ಜಿಯ ಜೊತೆ ಎರಡು ತಾಸು ನಡೆದು ಸಂತೆಗೆ ಇಳಿದರೆ ಮಾತ್ರ ಅವರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಅವರು ಇಳಿಯದ ಭಾನುವಾರಗಳೂ ಇದ್ದವು. ಆಗ ನಾವು ಮೂವರೂ ಐದೂವರೆಯವರೆಗೆ ಎಣ್ಣೆಯ ಬಾಟಲಿಯನ್ನೇ ನೋಡುತ್ತ ಕೂತಿರುತ್ತಿದ್ದೆವು. ಇವತ್ತಿಗೂ ಯಾರಾದರೂ ಒಂದು ನಿಮಿಷ ಕಾಯಿರಿ ಅಂದರೆ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ.

ಹುಸ್ತಿನಾ ನಮ್ಮಪ್ಪನ ಎರಡನೆಯ ಹೆಂಡತಿ. ನಾನು ಆರು ವರ್ಷದವಳಿದ್ದಾಗ ಬಾಗಲಕೋಟೆಯಲ್ಲಿ ಅವ್ವ ತೀರಿಕೊಂಡಳು. ಆಮೇಲೆ ಮೂರು ವರ್ಷ ಸೋದರತ್ತೆಯ ಮನೆಯಲ್ಲಿ ಬೆಳೆದೆ. ಅಪ್ಪ ಅಬ್‌ಸ್ಟಾಟ್‌ನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಎಂಜಿನಿಯರ್ ಆಗಿ ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾದ ಮೇಲೆ ಜರ್ಮನಿಗೆ ಬಂದಿದ್ದ. ಹುಸ್ತಿನಾ ಒಂದು ಮನೆಯ ಮಕ್ಕಳನ್ನು ನೋಡಿಕೊಳ್ಳಲು ಬಂದವಳು ವೃದ್ಧಾಶ್ರಮದಲ್ಲಿ ಕೆಲಸ ಕಲಿತು ಅಲ್ಲೇ ನಿಂತಿದ್ದಳು. ಸಂಜೆಯ ಜರ್ಮನ್ ಕ್ಲಾಸಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಇಬ್ಬರಿಗೂ ಒಂದೊಂದು ಮಗಳು, ಇಬ್ಬರೂ ಮಕ್ಕಳು ದೂರದಲ್ಲಿ. ಇಬ್ಬರನ್ನೂ ಕರೆಸಿಕೊಳ್ಳೋಣ ಅನ್ನುವುದೇ ಆ ಮದುವೆಯ ಮುಖ್ಯ ಮಾತಾಗಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ನನ್ನ ಕಾಗದಪತ್ರಗಳು ಆರು ವಾರದಲ್ಲಿ ಮುಗಿದವು. ನಾನು ಬಂದಿಳಿದ ದಿನ ಅಪ್ಪ ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು ಅವಳ ಮುಂದೆ ನಿಲ್ಲಿಸಿದ.

“ಗಂಗಾ, ಆಕಿಗೆ ಅವ್ವಾ ಅನ್ನು.”

“ಅನ್ನೂದಿಲ್ಲ.”

ಹುಸ್ತಿನಾ ಅಪ್ಪನ ಕಡೆ ನೋಡಿ ಜರ್ಮನ್‌ನಲ್ಲಿ ಕೇಳಿದಳು, “ಏನಂದಳು?”

“ದಣಿದಾಳಂತ,” ಅಂದ ಅಪ್ಪ, ಅವಳಿಗೆ ಜರ್ಮನ್‌ನಲ್ಲಿ, ಆಮೇಲೆ ನನಗೆ ಕನ್ನಡದಲ್ಲಿ. ಅವಳು ನಂಬಲಿಲ್ಲ. ನನ್ನ ಎತ್ತರಕ್ಕೆ ಬಗ್ಗಿ ತನ್ನ ಎದೆ ಮುಟ್ಟಿಕೊಂಡು “ಹುಸ್ತಿನಾ” ಅಂದಳು. ಕೊನೆಯವರೆಗೂ ನಾನು ಅವಳನ್ನು ಹಾಗೇ ಕರೆದೆ.

ನಮ್ಮ ಮನೆ ಅಬ್‌ಸ್ಟಾಟ್‌ನಿಂದ ಬಸ್ಸಿನಲ್ಲಿ ಹತ್ತು ನಿಮಿಷ ದೂರದ ಹಳ್ಳಿಯಲ್ಲಿ, ದ್ರಾಕ್ಷಿ ತೋಟಗಳ ಕೆಳಗೆ, ಫ್ರಾವ್ ಕ್ನಾಪ್ ಎಂಬ ಒಡತಿಯ ಮೇಲ್ಮಹಡಿಯಲ್ಲಿತ್ತು. ಎರಡು ಮಲಗುವ ಕೋಣೆ, ಒಂದು ಅಡುಗೆಮನೆ, ಬಾಗಿಲಿಲ್ಲದ ಒಂದು ಕೂಡುವ ಜಾಗ, ಒಂದು ಬಾಲ್ಕನಿ. ಎರಡು ವಾರಕ್ಕೊಮ್ಮೆ ಕೇರ್‌ವೋಖೆಯ ಹಲಗೆ ನಮ್ಮ ಬಾಗಿಲಿಗೆ ಬಂದು ತೂಗುತ್ತಿತ್ತು. ಅಂದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು. ಹುಸ್ತಿನಾ ಒರೆಸಿದ ಮೇಲೆ ಫ್ರಾವ್ ಕ್ನಾಪ್ ಬಗ್ಗಿ ಮೂಲೆಗಳನ್ನು ನೋಡುತ್ತಿದ್ದಳು. ನನ್ನ ಕೋಣೆಗೆ ಅಪ್ಪ ಒಂದರ ಮೇಲೊಂದು ಇರುವ ಮಂಚ ತಂದ. ಮೇಲಿನದು ನೆಲಿಯದು. ನನಗೆ ಮೇಲೆ ಹತ್ತಿ ಮಲಗಬೇಕೆಂಬ ಆಸೆ. ಅದರ ಮೇಲೆ ಪುಸ್ತಕ ಇಡುವಂತಿಲ್ಲ, ಬಟ್ಟೆ ಎಸೆಯುವಂತಿಲ್ಲ. ತಿಂಗಳಿಗೊಮ್ಮೆ ಹುಸ್ತಿನಾ ಏಣಿ ಹತ್ತಿ, ಯಾರೂ ಮಲಗದ ಹಾಸಿಗೆಯ ಚಾದರ ಬದಲಿಸುತ್ತಿದ್ದಳು. ನಾನು ಕೆಳಗೆ ಮಲಗಿ ಮೇಲಿನ ಹಲಗೆಯ ಮೊಳೆಗಳನ್ನು ನೋಡುತ್ತ, ಬಂದರೂ ಬಂದುಬಿಡಬಾರದೇ, ಇಲ್ಲ ಬರೋದಿಲ್ಲ ಅಂತ ಹೇಳಬಾರದೇ ಅಂತ ಸಿಟ್ಟಾಗುತ್ತಿದ್ದೆ.

ನೆಲಿ ಯಾಕೆ ಬರಲಿಲ್ಲ ಅಂದರೆ, ಅವಳಿಗೆ ಅಪ್ಪನಿದ್ದ. ಇಷ್ಟೇ ಕಾರಣ. ನೆಲಿ ಹುಟ್ಟಿದಾಗ ಪುಕಾರುಮಿಯ ಕಚೇರಿಯಲ್ಲಿ ಒಬ್ಬ ಗಂಡಸು ಬಂದು ತಂದೆ ಎಂದು ಸಹಿ ಹಾಕಿದ್ದ. ಆಮೇಲೆ ಚಿನ್ನದ ಗಣಿಗೆಂದು ಕಾಡಿನ ಕಡೆ ಇಳಿದು ಹೋದವನು ತಿರುಗಿ ಬರಲಿಲ್ಲ. ಮಗುವನ್ನು ಜರ್ಮನಿಗೆ ತರಬೇಕಾದರೆ ಅವನ ಒಪ್ಪಿಗೆ ಬೇಕು, ಇಲ್ಲವೇ ಅವನಿಲ್ಲದೆಯೂ ತಾಯಿಗೆ ಪೂರ್ತಿ ಹಕ್ಕಿದೆ ಎಂದು ಕೋರ್ಟಿನ ತೀರ್ಪು ಬೇಕು. ಕೋರ್ಟು ಅರ್ಧ ದಿನದ ದಾರಿ ದೂರದ ಪಟ್ಟಣದಲ್ಲಿ. ಅಲ್ಲಿಗೆ ಹೋಗಬೇಕಾದವಳು ಓದುಬರಹ ಬಾರದ, ಸ್ಪ್ಯಾನಿಷ್ ಬಾರದ ಅಜ್ಜಿ. ಅದರ ಮೇಲೆ, ಹುಸ್ತಿನಾಳ ಮನೆತನದ ಹೆಸರು ಅವಳ ಪಾಸ್‌ಪೋರ್ಟಿನಲ್ಲಿ ಒಂದು ತರ, ಮಗಳ ಜನನಪತ್ರದಲ್ಲಿ ಒಂದಕ್ಷರ ಹೆಚ್ಚು. ಆ ಅಕ್ಷರ ತೆಗೆಸಲು ಒಂದೂವರೆ ವರ್ಷ ಹೋಯಿತು. ತೆಗೆಸಿದ ಹೊತ್ತಿಗೆ ಇನ್ನೊಂದು ಪತ್ರ ಹಳೆಯದಾಯಿತು, ಹೊಸದು ತನ್ನಿ ಅಂದರು. ಹೊಸದು ಬಂದಾಗ ಅದರ ಅನುವಾದದ ಮೇಲಿನ ಮುದ್ರೆ ಸರಿಯಿಲ್ಲ ಅಂದರು. ಯಾರೂ ಕೆಟ್ಟವರಿರಲಿಲ್ಲ. ಎಲ್ಲರೂ ನಿಯಮದ ಪ್ರಕಾರವೇ ಹೇಳುತ್ತಿದ್ದರು. ಬೈಯಲಿಕ್ಕೆ ಒಬ್ಬ ಮನುಷ್ಯನೂ ಸಿಗದೆ ಹುಸ್ತಿನಾ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಅಪ್ಪ ಪ್ರತಿ ಪತ್ರವನ್ನೂ ಎರಡು ಸಲ ಓದಿ, ಫೈಲಿನಲ್ಲಿ ತೂತು ಹಾಕಿ ಸೇರಿಸಿ, ತನ್ನ ಅದೇ ಮಾತು ಹೇಳುತ್ತಿದ್ದ.

“ಆಗ್ತೈತಿ, ಆಗ್ತೈತಿ.”

ಆ ಎರಡು ಶಬ್ದ ಅವಳಿಗೂ ಬಾಯಿಪಾಠವಾಗಿತ್ತು. ಅವಳಿಗೆ ಬರುತ್ತಿದ್ದ ಕನ್ನಡ ಬಹುಶಃ ಅಷ್ಟೇ. ಬಸ್ಸು ತಪ್ಪಿದಾಗ, ಹಾಲು ಉಕ್ಕಿದಾಗ, ಕೇರ್‌ವೋಖೆಯ ಹಲಗೆ ಬಂದು ತೂಗಿದಾಗ ಅವಳು ಅಪ್ಪನ ದನಿ ತೆಗೆದು “ಆಗ್ತೈತಿ” ಅನ್ನುತ್ತಿದ್ದಳು. ನನಗೆ ನಗು ಬರುತ್ತಿತ್ತು, ನಕ್ಕರೆ ಅಪ್ಪನಿಗೆ ದ್ರೋಹ ಮಾಡಿದ ಹಾಗೆ ಅನ್ನಿಸಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ನಮ್ಮ ರಾತ್ರಿ ಊಟ ಎಂಥದ್ದೆಂದು ಕೇಳಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಅಪ್ಪನಿಗೆ ಅನ್ನ ಸಾರು ಬಿಟ್ಟರೆ ಏನೂ ಬಾರದು. ಸೋದರತ್ತೆ ಕಳಿಸಿದ ಜೋಳದ ಹಿಟ್ಟು ಮುಗಿದ ಮೇಲೆ ರೊಟ್ಟಿಯ ಮಾತೇ ಇಲ್ಲ. ಹುಸ್ತಿನಾ ಸಿಪ್ಪೆಸಮೇತ ಆಲೂಗಡ್ಡೆ ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ಟೇಬಲ್ಲಿನ ನಡುವೆ ಇಡುತ್ತಿದ್ದಳು. ನಾವು ಕೈಸುಟ್ಟುಕೊಳ್ಳುತ್ತ ಸಿಪ್ಪೆ ಸುಲಿದು ಶೇಂಗಾ ಚಟ್ನಿಪುಡಿಯಲ್ಲಿ ಅದ್ದಿ ತಿನ್ನುತ್ತಿದ್ದೆವು. ಆ ಚಟ್ನಿಪುಡಿಯ ಮೇಲೆ ಅವಳಿಗೆ ವಿಪರೀತ ಪ್ರೀತಿ. ಆದರೆ ಇಲ್ಲಿನ ಆಲೂಗಡ್ಡೆಯ ಮೇಲೆ ಅಷ್ಟೇ ತಾತ್ಸಾರ. ನೀರು, ಬರೀ ನೀರು, ಅನ್ನುತ್ತಿದ್ದಳು. ಅವಳ ಊರಲ್ಲಿ ಆಲೂಗಡ್ಡೆಯನ್ನು ಬಯಲಿನಲ್ಲಿ ಹರವಿ ರಾತ್ರಿಯ ಹಿಮಕ್ಕೆ ಬಿಟ್ಟು, ಹಗಲು ಕಾಲಿನಿಂದ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸುತ್ತಾರಂತೆ. ಹಾಗೆ ಒಣಗಿದ್ದಕ್ಕೆ ಚುನ್ಯೋ ಅನ್ನುತ್ತಾರೆ. ಕಲ್ಲಿನಂತೆ ಗಟ್ಟಿ, ವರ್ಷಗಟ್ಟಲೆ ಕೆಡುವುದಿಲ್ಲ. ನಾನು ಬಂದ ಎರಡನೆಯ ಚಳಿಗಾಲದಲ್ಲಿ ಅವಳು ಅದನ್ನು ನಮ್ಮ ಬಾಲ್ಕನಿಯಲ್ಲಿ ಮಾಡಲು ಹೊರಟಳು. ನೆಲಿ ಬಂದಾಗ ಬಾಯಿಗೆ ಊರಿನ ರುಚಿ ಇರಲಿ ಅಂತ. ಹಿಮವೇನೋ ಬಿತ್ತು. ಅವಳು ಪ್ಯಾಂಟು ಮೊಣಕಾಲಿಗೆ ಮಡಚಿ, ಬರಿಗಾಲಲ್ಲಿ, ಬಾಯಿಂದ ಹೊಗೆ ಬಿಡುತ್ತ ಆಲೂಗಡ್ಡೆ ತುಳಿದಳು. ನನ್ನನ್ನೂ ಕರೆದಳು. ನಾನು ಕಾಲಿಟ್ಟು ಕಿರುಚಿ ಒಳಗೆ ಓಡಿ ಬಂದೆ. ಆದರೆ ಬಿಸಿಲು ಬರಲಿಲ್ಲ. ಮೂರು ವಾರ ಮೋಡ. ಆಲೂಗಡ್ಡೆ ಒಣಗುವ ಬದಲು ಕೊಳೆತು, ಕಪ್ಪು ನೀರು ಸೋರಿ ಕೆಳಗಿನ ಫ್ರಾವ್ ಕ್ನಾಪ್‌ಳ ಕಿಟಕಿಯ ಮೇಲೆ ಗೆರೆ ಎಳೆಯಿತು. ಆಕೆ ಮೇಲೆ ಬಂದು, ಮೂಗಿಗೆ ಕರ್ಚೀಫು ಹಿಡಿದು, ಇದೇನು ಅಂತ ಕೇಳಿದಳು. ಹುಸ್ತಿನಾ ಬಕೆಟ್ಟಿಗೆ ತುಂಬುತ್ತ, ತಲೆ ಎತ್ತದೆ ಹೇಳಿದಳು.

“ಈ ದೇಶದಲ್ಲಿ ಚಳಿಯೂ ಅರ್ಧ, ಬಿಸಿಲೂ ಅರ್ಧ. ಏನೂ ಮುಗಿಯುವುದಿಲ್ಲ.”

ನೆಲಿಯ ಜೊತೆ ನನ್ನ ಮಾತು ಶುರುವಾದದ್ದು ಆಲೂಗಡ್ಡೆಯಿಂದಲೇ. ಮೊದಮೊದಲು ನಾವಿಬ್ಬರೂ ಪರದೆಯಲ್ಲಿ ಒಬ್ಬರನ್ನೊಬ್ಬರು ಕದ್ದು ನೋಡುತ್ತಿದ್ದೆವು ಅಷ್ಟೇ. ಕೆಂಪು ಗಲ್ಲ, ಎರಡು ಜಡೆ, ಮುಖದ ತುಂಬ ಗಾಳಿಗೆ ಬಿರಿದ ಚರ್ಮ. ಒಂದು ಭಾನುವಾರ ನಾನು ಶಾಲೆಯ ಜರ್ಮನ್ ಮಕ್ಕಳ ಹಾಗೆ ಅಪ್ಪನನ್ನು “ಪಾಪಾ” ಅಂದೆ. ನೆಲಿ ಬಿದ್ದು ಬಿದ್ದು ನಕ್ಕಳು. ಕೆಚುವಾದಲ್ಲಿ ಪಾಪಾ ಅಂದರೆ ಆಲೂಗಡ್ಡೆ. ಅವತ್ತಿನಿಂದ ಅಪ್ಪನ ಹೆಸರು ನಮ್ಮಿಬ್ಬರ ನಡುವೆ ಆಲೂಗಡ್ಡೆ. ವಾರಕ್ಕೊಂದು ಎರಡು ಶಬ್ದ ಕಲಿತೆ. ಮನೆಗೆ ವಾಸಿ, ನನ್ನ ಮನೆಗೆ ವಾಸಿಯ್. ನಮ್ಮ ಕನ್ನಡದ ಹಾಗೇ ಶಬ್ದಕ್ಕೆ ಬಾಲ ಅಂಟಿಸುತ್ತ ಹೋಗಬೇಕು, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. ಜರ್ಮನ್ ವ್ಯಾಕರಣಕ್ಕೆ ಹೆಣಗಿದ್ದ ನನಗೆ ಅದು ಹೊರಗಿನಿಂದ ಬಂದು ಚಪ್ಪಲಿ ಬಿಟ್ಟಷ್ಟು ಆರಾಮವಾಗಿತ್ತು. ಅಕ್ಕತಂಗಿಗೆ ಞಾಞಾ ಅನ್ನುತ್ತಾರೆ. ಬಾಗಲಕೋಟೆಯ ಶಾಲೆಯಲ್ಲಿ ಞ ಅಕ್ಷರವನ್ನು ಹತ್ತು ಹತ್ತು ಸಲ ತಿದ್ದಿಸಿ, ಇದರಿಂದ ಶುರುವಾಗುವ ಶಬ್ದ ಯಾವುದೂ ಇಲ್ಲ ಅಂತ ಅಕ್ಕೋರು ಹೇಳಿದ್ದರು. ಇತ್ತು, ಪುಕಾರುಮಿಯಲ್ಲಿ ಇತ್ತು. ಹುಸ್ತಿನಾ ಮಾತ್ರ ನನ್ನ ಈ ಕಲಿಕೆಯನ್ನು ಮೆಚ್ಚಲಿಲ್ಲ. ನೀನು ಅವಳಿಗೆ ಜರ್ಮನ್ ಕಲಿಸು, ಅವಳು ಇಲ್ಲಿ ಬರುವವಳು, ಇದನ್ನು ಕಲಿತು ನಿನಗೇನಾಗಬೇಕು, ಅಂತ ಗದರುತ್ತಿದ್ದಳು. ಹುಸ್ತಿನಾ ಓದಿದ ಪ್ರಾಥಮಿಕ ಶಾಲೆಯ ಮೇಷ್ಟ್ರು ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡಿದವರನ್ನು ಅಂಗಳದಲ್ಲಿ ಮಂಡಿಯೂರಿಸಿ ಕೂರಿಸುತ್ತಿದ್ದರಂತೆ. ಆ ಮಂಡಿಯ ನೋವು ಅವಳಿಗೆ ಇನ್ನೂ ಹೋಗಿರಲಿಲ್ಲ ಅಂತ ನನಗೆ ಆಗ ಹೊಳೆಯಲಿಲ್ಲ.

ಪ್ರತಿ ವರ್ಷ ಚಳಿ ಶುರುವಾಗುವ ಮುಂಚೆ ಅವಳು ಎರಡು ಜಾಕೆಟ್ ತರುತ್ತಿದ್ದಳು, ಒಂದು ನನಗೆ, ಒಂದು ನೆಲಿಗೆ. ನೆಲಿ ನನಗಿಂತ ಒಂದು ವರ್ಷ ಚಿಕ್ಕವಳು. ನನ್ನ ಭುಜಕ್ಕೆ ಹಿಡಿದು ನೋಡಿ, ಅವಳಿಗೆ ಒಂದು ಅಳತೆ ಚಿಕ್ಕದು ಕೊಳ್ಳುತ್ತಿದ್ದಳು. ಚಳಿಗಾಲ ಮುಗಿದ ಮೇಲೆ ಅದು ಬೆಲೆಚೀಟಿಯ ಸಮೇತ ವೃದ್ಧಾಶ್ರಮದ ಯಾರದೋ ಮೊಮ್ಮಗಳಿಗೆ ಹೋಗುತ್ತಿತ್ತು. ನನಗೆ ಹನ್ನೆರಡು ನಡೆಯುತ್ತಿದ್ದಾಗ, ನನ್ನ ಜಾಕೆಟ್ಟನ್ನು ಬಸ್ಸಿನಲ್ಲಿ ಮರೆತು ಬಂದೆ. ಮರುದಿನ ಬೆಳಿಗ್ಗೆ ಹಿಮ. ಹೇಳಿದರೆ ಬೈಸಿಕೊಳ್ಳಬೇಕು. ಸುಮ್ಮನೆ ನೆಲಿಯ ನೀಲಿ ಜಾಕೆಟ್ ಹಾಕಿಕೊಂಡು ಮೆಟ್ಟಿಲಿಳಿದೆ. ತೋಳು ಗಿಡ್ಡವಾಗಿತ್ತು. ಬೆಳಗಿನ ಪಾಳಿಗೆ ಹೋಗಬೇಕಾಗಿದ್ದ ಹುಸ್ತಿನಾ ಅವತ್ತು ರಜೆಯಲ್ಲಿದ್ದಳು, ಮೆಟ್ಟಿಲು ಒರೆಸುತ್ತಿದ್ದಳು. ಫ್ರಾವ್ ಕ್ನಾಪ್ ಬಾಗಿಲಲ್ಲಿ ನಿಂತಿದ್ದಳು. ಹುಸ್ತಿನಾ ಒದ್ದೆ ಕೈಯಲ್ಲೇ ನನ್ನ ಮೈಮೇಲಿಂದ ಜಾಕೆಟ್ ಕಿತ್ತುಕೊಂಡಳು. ತೋಳಿನ ಹೊಲಿಗೆ ಪಟ್ ಅಂತ ಬಿಟ್ಟಿತು.

“ಅದು ಅವಳದು! ನಿನಗೆ ಎಲ್ಲ ಇದೆ. ಅದೊಂದನ್ನಾದರೂ ಬಿಡು.”

“ಅವಳು ಬರೋದೇ ಇಲ್ಲ!” ನಾನೂ ಕೂಗಿದೆ. “ಮೂರು ವರ್ಷದಿಂದ ಬರೀ ಇದೇ! ನನಗೆ ಆರು ವಾರ ಸಾಕಾಯಿತು!”

“ನಿನ್ನ ಅಮ್ಮ ಸತ್ತಿದ್ದಳು,” ಅಂದಳು ಹುಸ್ತಿನಾ. “ಅದಕ್ಕೆ ನಿನಗೆ ಸುಲಭವಾಯಿತು. ಒಂದು ಮರಣಪತ್ರ, ಮುಗಿಯಿತು. ನನ್ನ ನೆಲಿಯ ಅಪ್ಪ ಸತ್ತಿದ್ದರೂ ಚೆನ್ನಾಗಿತ್ತು.”

ಮೇಲಿನ ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದ, ಶೇವಿಂಗ್ ಕ್ರೀಮು ಅರ್ಧ ಗಲ್ಲಕ್ಕೆ. ಅವನು ಎಲ್ಲ ಕೇಳಿಸಿಕೊಂಡಿದ್ದ. ನಾನು ಅವನ ಮುಖ ನೋಡಿದೆ. ಈಗಲಾದರೂ ಅವಳಿಗೆ ಏನಾದರೂ ಅನ್ನುತ್ತಾನೆ ಅಂತ. ಅವನು ಅಂದದ್ದು, “ಒಳಗ ಬರ್ರಿ, ಇಬ್ಬರೂ ಒಳಗ ಬರ್ರಿ, ಥಂಡಿ ಐತಿ.” ನಾನು ಜಾಕೆಟ್ಟಿಲ್ಲದೆ ಬಸ್ ಸ್ಟಾಪಿಗೆ ಓಡಿದೆ. ಆ ದಿನ ಸಂಜೆ ಮಂಚದ ಮೇಲೆ ಹೊಸ ಜಾಕೆಟ್ ಇತ್ತು, ನನ್ನ ಅಳತೆಯದು. ನೀಲಿಯದು ಹೊಲಿದು ಮತ್ತೆ ಗೂಟಕ್ಕೆ ನೇತುಬಿದ್ದಿತ್ತು. ಆ ಮಾತನ್ನು ಹಿಂತೆಗೆದುಕೊಳ್ಳುವ ಗೋಜಿಗೆ ಅವಳೂ ಹೋಗಲಿಲ್ಲ, ನಾನೂ ಕೇಳಲಿಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ. ನನ್ನ ಅವ್ವನ ಸಾವು ಒಂದು ಕಚೇರಿಯಲ್ಲಿ ಅನುಕೂಲದ ಕಾಗದವಾಗಿತ್ತು ಅನ್ನುವುದನ್ನು ಹನ್ನೆರಡನೆಯ ವಯಸ್ಸಿಗೆ ಬಸ್ಸಿನಲ್ಲಿ ನಡುಗುತ್ತ ಕೂತು ಅರ್ಥ ಮಾಡಿಕೊಂಡೆ. ಅವತ್ತಿನಿಂದ ಫೈಲು ನಾನು ಓದತೊಡಗಿದೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಜರ್ಮನ್ ನನ್ನದೇ. ವಿದೇಶಿಯರ ಕಚೇರಿಗೆ ಫೋನು ಮಾಡುವುದು, ಕ್ಯೂನಲ್ಲಿ ಅವಳ ಪಕ್ಕ ನಿಲ್ಲುವುದು, ಯಾವ ಪತ್ರ ಯಾವಾಗ ಹಳತಾಗುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ನನ್ನ ಕೆಲಸವಾಯಿತು. ಅವಳ ಮೇಲಿನ ಪ್ರೀತಿಯಿಂದ ಮಾಡಿದೆ ಅಂತ ಹೇಳಲಾರೆ. ಇದು ಮುಗಿಯಲಿ, ಮುಗಿಯಲಿ, ಅನ್ನುವ ಹಟ.

ಕೋರ್ಟಿನ ತೀರ್ಪು ಬಂದಾಗ ನನಗೆ ಹದಿನಾರಕ್ಕೆ ನಾಲ್ಕೇ ತಿಂಗಳಿತ್ತು, ನೆಲಿಗೆ ಹದಿನೈದು ತುಂಬುವುದರಲ್ಲಿತ್ತು. ಅದಾದ ಒಂದೆರಡು ತಿಂಗಳಲ್ಲಿ ಇಲ್ಲಿಂದಲೂ ಒಪ್ಪಿಗೆಯ ಪತ್ರ ಬಂತು. ಅಪ್ಪ ಓದಿ, ಮತ್ತೆ ಓದಿ, ಕನ್ನಡಕ ತೆಗೆದು ಒರೆಸಿದ. ಹುಸ್ತಿನಾ ಫ್ರಾವ್ ಕ್ನಾಪ್‌ಳ ಮನೆಗೆ ಹೋಗಿ ಬಾಗಿಲು ಬಡಿದು, ಬರುತ್ತಾಳೆ, ಬರುತ್ತಾಳೆ, ಅಂತ ಹೇಳಿ ಬಂದಳು. ಆ ಭಾನುವಾರ ನಾಲ್ಕಕ್ಕೆ ನಾವು ಕೂತೆವು. ನೆಲಿ ಒಬ್ಬಳೇ ಇದ್ದಳು. ಹುಸ್ತಿನಾ ಒಂದೇ ಉಸಿರಿನಲ್ಲಿ ಮಾತಾಡಿದಳು, ಟಿಕೆಟ್ಟು, ಲಿಮಾ ಪಟ್ಟಣದವರೆಗಿನ ಬಸ್ಸು, ಯಾರು ಜೊತೆಗೆ ಬರುತ್ತಾರೆ. ನೆಲಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದ ಎರಡು ಶಬ್ದ ನನಗೂ ಅರ್ಥವಾಗುವಷ್ಟು ಸರಳವಾಗಿದ್ದವು.

“ಮನಾನ್ ಮುನಾನಿಚು.”

ಬೇಡ ನನಗೆ. ಹುಸ್ತಿನಾ ಕೇಳಿಸದವಳಂತೆ ಟಿಕೆಟ್ಟಿನ ಮಾತನ್ನೇ ಮುಂದುವರಿಸಿದಳು. ನೆಲಿ ಮತ್ತೆ ಹೇಳಿದಳು, ಈಗ ಉದ್ದಕ್ಕೆ, ನಿಧಾನಕ್ಕೆ. ನಾನು ಹಿಡಿದಷ್ಟನ್ನು ಹೇಳುತ್ತೇನೆ. ಎಂಟು ವರ್ಷದವಳಿದ್ದಾಗ ಪ್ರತಿ ಭಾನುವಾರ ಗಂಟು ಕಟ್ಟಿಕೊಂಡೇ ಸಂತೆಗೆ ಇಳಿಯುತ್ತಿದ್ದೆ, ಅವತ್ತೇ ಕರೆದುಕೊಂಡು ಹೋಗಬಹುದು ಅಂತ. ಹತ್ತಕ್ಕೆ ಗಂಟು ಕಟ್ಟುವುದು ಬಿಟ್ಟೆ. ಈಗ ಇಲ್ಲಿ ನನ್ನ ಶಾಲೆ ಇದೆ, ಗೆಳತಿಯರಿದ್ದಾರೆ. ದನಕುರಿಗಳ ವೈದ್ಯಕ್ಕೆ ಓದಬೇಕು ಅಂತಿದ್ದೇನೆ. ಅಲ್ಲಿ ಬಂದು ಮತ್ತೆ ಅ ಆ ಕಲಿಯುವ ಮಗುವಾಗಲಾರೆ. ನೀನು ಬಾ, ಅಮ್ಮಾ, ಬಂದು ಹೋಗು.

ಹುಸ್ತಿನಾ ಬೇಡಿಕೊಳ್ಳತೊಡಗಿದಳು. ಅದನ್ನು ನೋಡಲಾಗಲಿಲ್ಲ ನನಗೆ. ಏಳು ವರ್ಷದ ಭಾನುವಾರಗಳು, ಮಂಚ, ಜಾಕೆಟ್ಟು, ಕಚೇರಿಯ ಆ ಕ್ಯೂಗಳು ಎಲ್ಲ ಒಮ್ಮೆಗೇ ನೆನಪಾಗಿ, ಫೋನು ಕಸಿದುಕೊಂಡು ಕೂಗಿದೆ. ಕೆಚುವಾ ಸಾಲದು, ಜರ್ಮನ್ ಬರಲಿಲ್ಲ, ಕನ್ನಡವೇ ಬಂತು.

“ಇಷ್ಟ್ ವರ್ಷ ನಾವು ಕಾಯ್ದಿದ್ದು ಏನಾತು? ನಿನಗ ಏನೂ ಅನಸೂದಿಲ್ಲೇನ?”

ನೆಲಿ ಮುಖವನ್ನು ಪರದೆಯ ಹತ್ತಿರ ತಂದಳು. “ನಾನೂ ಕಾದೆ, ಞಾಞಾ,” ಅಂದಳು. ನನ್ನ ಮಾತು ಅವಳಿಗೆ ತಿಳಿದಿರಲಿಕ್ಕಿಲ್ಲ. ಮುಖ ನೋಡಿ ಹೇಳಿರಬೇಕು. ಆಮೇಲೆ ಸಿಗ್ನಲ್ ಹೋಯಿತೋ, ಅವಳೇ ಇಟ್ಟಳೋ ಗೊತ್ತಾಗಲಿಲ್ಲ. ಅಪ್ಪ ಬಾಯಿ ತೆರೆದ. ಹುಸ್ತಿನಾ ಕೈ ಎತ್ತಿ ತಡೆದಳು.

“ಆ ಶಬ್ದ ಹೇಳಬೇಡ,” ಅಂದಳು.

ಅವಳು ಹೊರಟಳು. ರಜೆ ತೆಗೆದುಕೊಂಡು ನಾಲ್ಕು ವಾರ ಪುಕಾರುಮಿಯಲ್ಲಿದ್ದಳು. ಕರೆದುಕೊಂಡೇ ಬರುತ್ತೇನೆ ಅಂತ ಹೋದವಳು ಒಬ್ಬಳೇ ಬಂದಳು. ಮೂಗಿನ ಮೇಲಿನ ಚರ್ಮ ಬಿಸಿಲಿಗೆ ಸುಲಿದಿತ್ತು. ಮರುದಿನ ಬೆಳಗಿನ ಪಾಳಿಗೆ ಎದ್ದು ಹೋದಳು. ನಾಲ್ಕಾರು ದಿನವಾದ ಮೇಲೆ ಆಲೂಗಡ್ಡೆ ಸುಲಿಯುತ್ತ, ನನ್ನ ಕಡೆ ನೋಡದೆ, ತಾನಾಗಿಯೇ ಒಂದು ಮಾತು ಹೇಳಿದಳು. “ಅವಳು ನನಗೆ ಹಾಸಿಗೆ ಹಾಸಿಕೊಟ್ಟಳು. ನೆಂಟರಿಗೆ ಹಾಸುವ ಹಾಗೆ.”

ಕಚೇರಿಯಿಂದ ಪತ್ರ ಬಂದಿತ್ತು, ಅರ್ಜಿಯನ್ನು ಉಳಿಸಿಕೊಳ್ಳುತ್ತೀರಾ, ಹಿಂತೆಗೆದುಕೊಳ್ಳುತ್ತೀರಾ ಅಂತ. ಅಂಚೆಯಲ್ಲಿ ಕಳಿಸಿದರೆ ಸಾಕಾಗಿತ್ತು. ಹುಸ್ತಿನಾ ನಾನೇ ಹೋಗುತ್ತೇನೆ ಅಂದಳು, ನನ್ನನ್ನೂ ಕರೆದಳು. ಏಳು ವರ್ಷದಲ್ಲಿ ಕಚೇರಿಯಲ್ಲಿ ನಾಲ್ಕು ಜನ ಬದಲಾಗಿದ್ದರು. ಅವತ್ತು ಇದ್ದದ್ದು ಒಬ್ಬ ಎಳೆಯ ಹೆಂಗಸು, ಕಿಟಕಿಯಲ್ಲಿ ಗಿಡ ಇಟ್ಟುಕೊಂಡಿದ್ದಳು. ಅರ್ಜಿ ಹಿಂತೆಗೆದುಕೊಳ್ಳುವ ಒಂದು ಪುಟದ ಫಾರ್ಮು ಕೊಟ್ಟಳು. ಹೆಸರು, ಜನ್ಮದಿನ, ಫೈಲಿನ ನಂಬರು ನಾನು ನೋಡದೆ ಬರೆಯಬಲ್ಲವಳಾಗಿದ್ದೆ. ಕೆಳಗೆ ಕಾರಣ ಅಂತ ನಾಲ್ಕು ಗೆರೆಗಳ ಜಾಗ.

“ಅದನ್ನು ತುಂಬಲೇಬೇಕೆಂದಿಲ್ಲ,” ಅಂದಳು ಆ ಹೆಂಗಸು ಮೃದುವಾಗಿ. “ಖಾಲಿ ಬಿಡಬಹುದು.”

ನಾನು ಅದನ್ನು ಹುಸ್ತಿನಾಳಿಗೆ ಹೇಳಬೇಕಾಗಿರಲಿಲ್ಲ, ಅವಳಿಗೇ ತಿಳಿಯಿತು. ಇಷ್ಟು ವರ್ಷದಲ್ಲಿ ಖಾಲಿ ಬಿಡಬಹುದಾದ ಜಾಗ ಅದೊಂದೇ. ಅವಳು ಬ್ಯಾಗನ್ನು ನೆಲಕ್ಕಿಟ್ಟಳು.

“ಬರೆ,” ಅಂದಳು ನನಗೆ.

ಆಮೇಲೆ ಕೆಚುವಾದಲ್ಲಿ ಶುರುಮಾಡಿದಳು. ನಿಂತುಕೊಂಡೇ, ಕೂಗದೆ, ಒಂದೊಂದು ಶಬ್ದವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ನಾನು ಕೇಳಿದ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತ ಹೋದೆ. ಮೊದಲ ಸಾಲಿನಲ್ಲಿ ಮಗಳ ಹೆಸರು, ಎರಡನೆಯದರಲ್ಲಿ ಊರಿನ ಹೆಸರು, ಆಮೇಲೆ ಅರ್ಧಕ್ಕರ್ಧ ನನಗೂ ತಿಳಿಯದ ಶಬ್ದಗಳು. ನಾಲ್ಕು ಗೆರೆ ಮುಗಿಯಿತು, ಅಂಚಿನಲ್ಲಿ ಬರೆದೆ, ಹಾಳೆ ತಿರುಗಿಸಿ ಹಿಂದೆ ಬರೆದೆ. ಹಿಂದಿನ ಕುರ್ಚಿಗಳಲ್ಲಿ ಕೂತವರು ಕತ್ತು ಚಾಚಿ ನೋಡಿದರು. ಆ ಹೆಂಗಸು ಎರಡು ಸಲ ಗಡಿಯಾರ ನೋಡಿದಳು, ತಡೆಯಲಿಲ್ಲ. ಮುಗಿದ ಮೇಲೆ ಹಾಳೆ ಕೈಗೆತ್ತಿಕೊಂಡು, ಮುಜುಗರದಿಂದ ಹೇಳಿದಳು.

“ಕ್ಷಮಿಸಿ, ಇಲ್ಲಿ ಕಚೇರಿಯ ಭಾಷೆ ಜರ್ಮನ್. ಇದನ್ನು ಯಾರೂ ಓದಲಾರರು.”

“ಓದುವುದು ಬೇಡ,” ಅಂದಳು ಹುಸ್ತಿನಾ, ಒಳ್ಳೆಯ ಜರ್ಮನ್‌ನಲ್ಲಿ. “ಫೈಲಿನಲ್ಲಿ ಇಡಿ.”

ಆ ಹೆಂಗಸು ನನ್ನ ಮುಖ ನೋಡಿದಳು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅವಳು ಮುದ್ರೆ ಎತ್ತಿಕೊಂಡು ಹಾಳೆಯ ಮುಂದೆ ಒಂದು ಒತ್ತಿದಳು, ತಿರುಗಿಸಿ ಹಿಂದೆಯೂ ಒಂದು ಒತ್ತಿದಳು.